ದೊಡ್ಡಪ್ಪನ ಅರ್ಧ ಹೋಳಿಗೆ

ಇವತ್ತು ಬೆಳಿಗ್ಗೆ ಮಾಳಿಗೆ ಹತ್ತಿದವನಿಗೆ ನನ್ನ ಹಳೆಯ ತಾಟು ಕಣ್ಣಿಗೆ ಬಿತ್ತು. ಹೆಂಡತಿ ಅದರಲ್ಲಿ ಕುರಡಿಗೆ ಸಂಡಿಗೆ ಒಣಹಾಕಿದ್ದಳು. ಒಂದು ಮನೆಗೆ ಬೇಸಿಗೆಯುದ್ದಕ್ಕೂ ಸಾಲುವಷ್ಟು ಕುರಡಿಗೆ ಹಿಡಿಯುವ ಈ ತಾಟಿನಲ್ಲಿ ನಾನೊಬ್ಬನೇ ದಿನಕ್ಕೆರಡು ಸಲ ಉಣ್ಣುತ್ತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಮೂರು ಸಲ ಉಣ್ಣುತ್ತಿದ್ದೆ.

ಸೊಲ್ಲಾಪುರದಲ್ಲಿ ನನ್ನದು ಟವೆಲ್ಲು, ಚಾದರುಗಳ ಅಂಗಡಿ. ಹುಟ್ಟಿದ್ದು ಅಕ್ಕಲಕೋಟೆ ತಾಲೂಕಿನ ವಾಗದರಿಯಲ್ಲಿ; ಅಲ್ಲಿಯ ಹೊಲಮನೆ ತಮ್ಮನ ಕೈಯಲ್ಲಿದೆ. ನಮ್ಮ ಮನೆತನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜವಾಬ್ದಾರಿ. ತಮ್ಮ ಮಾತಾಡುವವನು, ನಾನು ಉಣ್ಣುವವನು. ಇದನ್ನು ಹಗುರಾಗಿ ತಿಳಿಯಬೇಡಿ. ನಮ್ಮ ಕಡೆ ಬೀಗರ ಮನೆಯಲ್ಲಿ ಯಾರಾದರೂ ಊಟ ಸಾಕೆಂದರೆ ಅದನ್ನು ಹೊಟ್ಟೆಯ ಮಾತೆಂದು ಯಾರೂ ತಿಳಿಯುವುದಿಲ್ಲ, ಮನಸ್ಸಿನಲ್ಲಿ ಏನೋ ಇದೆ ಎಂದೇ ಲೆಕ್ಕ. ಆದ್ದರಿಂದ ಎಲ್ಲಿ ಸಂಬಂಧ ಕೂಡಿಸಬೇಕೋ, ಎಲ್ಲಿ ಮುನಿಸು ಇಳಿಸಬೇಕೋ ಅಲ್ಲಿಗೆ ನನ್ನನ್ನು ಮುಂದೆ ಮಾಡಿ ಕರೆದೊಯ್ಯುತ್ತಿದ್ದರು. ನಾನು ಕೂತು, ಉಂಡು, ಗಟ್ಟಿಯಾಗಿ ತೇಗಿದರೆ ಹಿರಿಯರ ಪಂಚಾಯಿತಿಗೂ ಬಗ್ಗದ ಜಗಳ ಬಗೆಹರಿದುಬಿಡುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ನಾನು ಮಾತಿನ ಗೊಡವೆಯಿಲ್ಲದೆ ಊಟದಿಂದಲೇ ಜಗಳ ತೀರಿಸುತ್ತಿದ್ದೆ. ರೋಗಗಳು ಮಾತ್ರ ಒಂದರ ಹಿಂದೊಂದು ಬಂದು ಪಂಕ್ತಿ ಹಿಡಿದು ಕೂತವು.

ಮೊದಲು ಮೊಣಕಾಲು, ಆಮೇಲೆ ಸಕ್ಕರೆ, ಆಮೇಲೆ ಓಣಿಗೆಲ್ಲ ಕೇಳುವ ಗೊರಕೆ. ಕೊನೆಗೆ ಡಾಕ್ಟರು ಜಠರ ಕೊಯ್ದು ಸಣ್ಣದು ಮಾಡುವುದೊಂದೇ ದಾರಿ ಎಂದರು. ಸಂಕಟ ಆಪರೇಶನ್ನಿಗಿಂತ ಮೊದಲೇ ಶುರುವಾಯಿತು. ಒಳಗಿನ ಕೊಬ್ಬು ಕರಗಬೇಕೆಂದು ಬರೀ ಬೇಳೆಕಟ್ಟು, ಮಜ್ಜಿಗೆ. ಕಟ್ಟು ಕುಡಿಯುತ್ತ ಇದರ ಬೇಳೆ ಯಾರ ಪಾಲಾಯಿತು ಎಂದು ಕೊರಗುತ್ತಿದ್ದೆ. ಆಪರೇಶನ್ ಆದಮೇಲೆ ಅದೇ ಕಟ್ಟು ಚಮಚದಲ್ಲಿ ಬಂತು. ಆಮೇಲೆ ಕಿವುಚಿದ ಅನ್ನ, ಆಮೇಲೆ ಮೆತ್ತನೆಯ ಊಟ. ಪಥ್ಯ ಹೇಳಿಕೊಡುವ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿದ್ದಳು, ನನ್ನ ಮಗಳ ವಯಸ್ಸಿನವಳು. ಊಟ ಎಂದರೆ ಒಂದು ಸಣ್ಣ ವಾಟಿ ಬಟ್ಟಲಿನಷ್ಟು, ಅದನ್ನು ಅರ್ಧ ಗಂಟೆ ಉಣ್ಣಬೇಕು, ತುತ್ತು ಬಾಯಲ್ಲೇ ಅಂಬಲಿಯಾಗುವ ತನಕ ಅಗಿಯಬೇಕು, ನಡುವೆ ನೀರು ಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದಳು. ಅವಸರ ಮಾಡಿದರೆ ಉಂಡದ್ದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಒಂದು ಸಲ ಅವಸರ ಮಾಡಿಯೂ ನೋಡಿದೆ, ಆ ಮಾತು ಬೇಡ. ಕಡಕ್ ರೊಟ್ಟಿಯನ್ನು ಹೆಂಡತಿ ಮುರಿಯುವ ಸದ್ದು ಕೇಳಿಯೇ ತೃಪ್ತಿಪಡುವುದನ್ನು ಕಲಿತೆ.

ಹೀಗೆ ನಾನು ಅಗಿಯುವುದನ್ನು ಕಲಿಯುತ್ತಿದ್ದಾಗಲೇ ಅಶ್ವಿನಿಯ ಮದುವೆಯ ಮಾತು ಬಂತು. ಅವಳು ತಮ್ಮನ ಮಗಳು, ಸೊಲ್ಲಾಪುರದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತ ನಮ್ಮ ಮನೆಯಲ್ಲೇ ಇದ್ದವಳು. ಹುಡುಗ ಹತ್ತಿರದ ಕುಂಭಾರಿ ಊರಿನವನು, ದಿನಾ ಬೈಕಿನಲ್ಲಿ ಸೊಲ್ಲಾಪುರಕ್ಕೆ ಬಂದು ಹೋಗುವವನು. ಇಬ್ಬರೂ ಯಾವಾಗಲೋ ಒಪ್ಪಿಕೊಂಡು, ಹಿರಿಯರು ತಾವೇ ಕೂಡಿಸಿದೆವೆಂದು ಬೀಗಲಿ ಎಂದು ಸುಮ್ಮನಿದ್ದರು. ಹುಡುಗನ ಮನೆಯವರು ನಮ್ಮನ್ನು ಹೋಳಿಗೆ ಊಟಕ್ಕೆ ಕರೆದರು. ಸಂಬಂಧ ಮನಸ್ಸಿಗೆ ಬರುವ ತನಕ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಸಿಹಿ ಮುಟ್ಟುವುದಿಲ್ಲ. ಹೋಳಿಗೆ ಉಂಡರೆ ಹೂಂ ಎಂದ ಹಾಗೆ. ಆಮೇಲೆ ಸುಪಾರಿ ಅಡಿಕೆ ಒಡೆದು ಮಾತು ಪಕ್ಕಾ ಮಾಡುವುದು.

ಹೊರಡುವ ಮೊದಲು ತಮ್ಮ ನನ್ನನ್ನು ಮೂಲೆಗೆ ಕರೆದು, “ಅಣ್ಣಾ, ಅಲ್ಲಿ ಆಪರೇಶನ್ ಸುದ್ದಿ ತಗೀಬ್ಯಾಡ. ಈ ಮನಿತನದಾಗ ಏನೋ ರೋಗ ಐತಿ ಅಂತಾರ” ಎಂದ. ಅಶ್ವಿನಿ ಚಪ್ಪಲಿ ಮೆಟ್ಟುತ್ತಿದ್ದ ನನ್ನ ಪಕ್ಕಕ್ಕೆ ಬಂದು ನಿಂತಳು. “ದೊಡ್ಡಪ್ಪಾ, ಏನರೆ ಮಾಡು, ಆದ್ರ ಹೋಳಗಿ ಉಂಡು ಬಾ” ಎಂದಳು. ಪಥ್ಯದ ಹುಡುಗಿಗೆ ಫೋನು ಮಾಡಿ ಗೋಗರೆದೆ. ಅರ್ಧ ಉಣ್ಣಿ, ನಿಧಾನ, ಎಂದು ಎರಡು ಸಲ ಹೇಳಿ ಇಟ್ಟಳು.

ಕುಂಭಾರಿಯ ಆ ಮನೆಗೆ ನನಗಿಂತ ಮೊದಲು ನನ್ನ ಕೀರ್ತಿ ಹೋಗಿ ಕೂತಿತ್ತು. ಹೆಣ್ಣಿನ ದೊಡ್ಡಪ್ಪ ಭಾರೀ ಊಟದ ಆಳು ಎಂದು ಕೇಳಿ ಬುಟ್ಟಿಗಟ್ಟಲೆ ಹೋಳಿಗೆ ಮಾಡಿದ್ದರು. ಪಂಕ್ತಿಯ ತಲೆಗೆ ನನ್ನನ್ನು ಕೂಡಿಸಿ, ಹುಡುಗನ ಅಜ್ಜಿಯೇ ತಾಟಿಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. ನಾನು ಅರ್ಧಕ್ಕೆ ಗುರುತು ಮಾಡಿಕೊಂಡು ಮೊದಲ ತುತ್ತು ಬಾಯಿಗಿಟ್ಟೆ. ಅಗಿದೆ. ಇನ್ನೂ ಅಗಿದೆ.

ಈ ಊಟದಲ್ಲಿ ಇನ್ನೊಂದು ರಿವಾಜು ಇರುವುದು ನಮಗ್ಯಾರಿಗೂ ನೆನಪಾಗಿರಲಿಲ್ಲ. ಹಿರಿಯ ಬೀಗರು ಉಂಡು ಏಳುವ ತನಕ ಪಂಕ್ತಿಯಲ್ಲಿ ಯಾರೂ ಏಳುವಂತಿಲ್ಲ. ಹಿಂದೆಲ್ಲ ಇದರಿಂದ ತೊಂದರೆಯಾಗಿರಲಿಲ್ಲ, ಏಕೆಂದರೆ ನಾನು ಮುಗಿಸುವ ಹೊತ್ತಿಗೆ ಮಿಕ್ಕವರಿನ್ನೂ ಸಾರಿನಲ್ಲಿರುತ್ತಿದ್ದರು. ಈ ಸಲ ಎಲ್ಲರದೂ ಮುಗಿದು ನಾನು ಇನ್ನೂ ಎರಡನೆಯ ತುತ್ತಿನಲ್ಲಿದ್ದೆ. ಬಡಿಸುವವರು ಖಾಲಿ ತಾಟು ಕಂಡಲ್ಲೆಲ್ಲ ಮತ್ತೆ ಬಡಿಸಿದರು. ಸುಮ್ಮನೆ ಕೂತರೆ ಅವಮಾನವೆಂದು ಎಲ್ಲರೂ ಮತ್ತೆ ಉಂಡರು. ಹುಡುಗನ ಸೋದರಮಾವ ಜೋಮು ಹಿಡಿದ ಕಾಲನ್ನು ಕೈಯಿಂದ ಎತ್ತಿ ಆ ಕಡೆಯಿಂದ ಈ ಕಡೆಗೆ ಇಟ್ಟುಕೊಂಡ. ಒಬ್ಬರು ಮುದುಕರು ಎಂಜಲು ಕೈಯನ್ನು ಮೊಣಕಾಲ ಮೇಲಿಟ್ಟು ನಿದ್ದೆ ಹೋದರು. ಒಳಗೆ ಎರಡನೆಯ ಪಂಕ್ತಿಗೆ ಹಸಿದು ಕೂತ ಹೆಂಗಸರಲ್ಲಿ ನನ್ನ ಹೆಂಡತಿಯೂ ಇದ್ದಳು. ಬಾಗಿಲ ಸಂದಿಯಿಂದ ಅವಳು ನೋಡಿದ ನೋಟ ಇಂದಿಗೂ ನೆನಪಿದೆ. ನೀರಿನ ತಂಬಿಗೆ ಹಿಡಿದು ನಿಂತಿದ್ದ ಹುಡುಗನ ಮುಖ ಬಿಳಿಚಿಕೊಳ್ಳುತ್ತಿತ್ತು.

ಹೋಳಿಗೆ ಬುಟ್ಟಿ ತಳ ಕಂಡಾಗ ಅಜ್ಜಿ ನನ್ನೆದುರು ಬಂದು ಕೂತಳು. “ಯಾಕ್ರೀ ಬೀಗರ, ನಮ್ಮ ಹುಡುಗ ಮನಸಿಗಿ ಬಂದಿಲ್ಲೇನು? ಬಂದಿಲ್ಲಂದ್ರ ಹೇಳಿಬಿಡ್ರಿ. ತಾಟಿನ ಮುಂದ ಹಿಂಗ ಜಗಕೋತ ಕುಂದರಬ್ಯಾಡ್ರಿ.”

ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ತಮ್ಮ ಕಣ್ಣಿನಲ್ಲೇ ಬೇಡ ಎಂದ. ಆದರೆ ನನ್ನ ಕಣ್ಣ ಮುಂದೆ, ಹೊರಡುವಾಗ ಪಕ್ಕಕ್ಕೆ ಬಂದು ನಿಂತಿದ್ದ ಅಶ್ವಿನಿಯೇ ಬರುತ್ತಿದ್ದಳು. ಬಾಯೊಳಗಿದ್ದದ್ದನ್ನು ಸಾವಕಾಶ ನುಂಗಿ, “ಹುಡುಗ ಬಂಗಾರದಂಥಾವ ಅದಾನ್ರಿ ಆಯಿ. ನನ್ನ ಹೊಟ್ಟಿ ಅಷ್ಟ ಕೊಯ್ಸಿ ಸಣ್ಣದು ಮಾಡ್ಸೀನ್ರಿ. ಅರ್ಧ ಹೋಳಗಿಗೇ ತುಂಬತೈತಿ” ಎಂದೆ.

ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಅಜ್ಜಿ ನನ್ನ ತಾಟನ್ನು ನೋಡಿದಳು, ಜೋತುಬಿದ್ದ ನನ್ನ ಅಂಗಿಯನ್ನು ನೋಡಿದಳು. “ಹೊಟ್ಟಿ ಕೊಯ್ಸಿಕೊಂಡೂ ನಮ್ಮ ಮನಿ ಹೋಳಗಿ ಉಣ್ಣಾಕ ಬಂದೀರೇನ್ರಿ?” ಎಂದಳು. ಮಗನ ಕಡೆ ತಿರುಗಿ ಸುಪಾರಿ ತರಲು ಹೇಳಿದಳು. ಸಂತೋಷಕ್ಕೋ ಬಿಡುಗಡೆಗೋ ಪಂಕ್ತಿಯೆಲ್ಲ ಏಳಲು ಹೊರಟಿತು. ಅವಳು ಕೈಯೆತ್ತಿ ಎಲ್ಲರನ್ನೂ ಕೂಡಿಸಿದಳು. ಬೀಗರ ಹೋಳಿಗೆ ಇನ್ನೂ ಉಳಿದಿತ್ತು.

ನನ್ನ ಅರ್ಧದಲ್ಲಿ ಉಳಿದದ್ದನ್ನು ನಾನು ಅಷ್ಟು ಜನರೆದುರು ಅಗಿದು ಉಂಡೆ. ಕಣ್ಣಲ್ಲಿ ನೀರು ಬಂತು. ಸಾರಿನ ಖಾರಕ್ಕೆ ಎನ್ನಬಹುದಿತ್ತು, ಆದರೆ ಸಾರನ್ನು ನಾನು ಮುಟ್ಟಿರಲಿಲ್ಲ. ಬುಟ್ಟಿಗಟ್ಟಲೆ ಉಣ್ಣುತ್ತಿದ್ದಾಗ ಯಾರೂ ನನ್ನ ಊಟವನ್ನು ಹೀಗೆ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಅಶ್ವಿನಿ ಈಗ ಕುಂಭಾರಿಯ ಸೊಸೆ. ಆ ಮನೆಯವರು ರಿವಾಜು ಬಿಡಲಿಲ್ಲ, ದಾರಿ ಹುಡುಕಿಕೊಂಡರು. ನಾನು ಹೋದ ದಿನ ನನ್ನೊಬ್ಬನನ್ನೇ ಮೊದಲು ಕೂಡಿಸಿ ಬಡಿಸುತ್ತಾರೆ. ನಾನು ಅಗಿಯುತ್ತಿರುವಾಗ ಗಂಡಸರು ಹೊಲಕ್ಕೆ ಹೋಗಿ ನೀರು ತಿರುವಿ, ಎಮ್ಮೆಗೆ ಮೇವು ಹಾಕಿ, ಕೈಕಾಲು ತೊಳೆದು ಬಂದು ಕೂಡುತ್ತಾರೆ. ಎಲ್ಲರೂ ಕೂಡಿಯೇ ಏಳುತ್ತೇವೆ. ಅಲ್ಲಿಯ ತನಕ ಅಜ್ಜಿ ನನ್ನೆದುರು ಕೂತು ಊರ ಸುದ್ದಿ ಹೇಳುತ್ತಾಳೆ. ಹಿಂದೆ ಬೀಗರ ಮನೆಗಳಲ್ಲಿ ನನಗೆ ತಾಟೊಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಈಗ ಆ ಮನೆಯ ಎಮ್ಮೆಗಳ ಹೆಸರೂ ನನಗೆ ಗೊತ್ತು.

ಇದನ್ನು ಬರೆಯುತ್ತಿರುವಾಗಲೇ ಅಶ್ವಿನಿಯ ಫೋನು ಬಂತು. ಇವತ್ತು ಮನೆಯಲ್ಲಿ ಹೋಳಿಗೆಯಂತೆ. “ದೊಡ್ಡಪ್ಪಾ, ಲಗೂ ಬಂದು ಉಣ್ಣಾಕ ಕುಂದರು” ಎಂದಳು. “ಎಲ್ಲಾರಿಗೂ ಹಸಿವಾಗೈತಿ.”