ಬಾನೆಟ್ ಮೇಲೆ ಇಡದ ಡಬ್ಬಿ

ಸೂಳೆಕೆರೆ ದಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹನುಮಂತಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದಿದ್ದಾರೆ. ಬಾಟಲಿ ಮುಳುಗಿಸಿ, ಮುಚ್ಚಳ ಬಿಗಿದು, ಐಸ್ ತುಂಬಿದ ಡಬ್ಬಿಯಲ್ಲಿಡುತ್ತಾರೆ. ಮುಂದಿನ ವಾರ ಹೊನ್ನಾಳಿಯ ಹೊಳೆ, ಆಮೇಲೆ ನ್ಯಾಮತಿ ಕಡೆಯ ನಾಲೆ. ಎಲ್ಲಿಯ ನೀರಾದರೂ ಬಸ್ಸಿನಲ್ಲೇ ದಾವಣಗೆರೆಯ ಪ್ರಯೋಗಾಲಯ ಸೇರಬೇಕು.

ಅಲ್ಲಿ ಸಂಶೋಧಕಿ ಶಾಂತಲಾ ಈ ನೀರಿನಲ್ಲಿ ಕಾಲರಾ ಜಾತಿಯ ರೋಗಾಣು ಹುಡುಕುತ್ತಾರೆ. ರೋಗಾಣುವಿನೊಳಗೆ ಆರ್‌ಎನ್‌ಎ ಎಂಬ ಎಳೆಯಿದೆ. ತಂಪಿನಲ್ಲಿ ಅದರ ಒಂದು ಭಾಗ ಮಡಚಿಕೊಂಡಿರುತ್ತದೆ. ಅದರಲ್ಲಿರುವ ಆದೇಶ ಜಾರಿಯಾಗುವುದಿಲ್ಲ. ಮನುಷ್ಯನ ಮೈಬಿಸಿ ತಾಗಿದರೆ ಮಡಿಕೆ ಬಿಚ್ಚಿಕೊಂಡು, ವಿಷ ತಯಾರಿಗೆ ದಾರಿಯಾಗುತ್ತದೆ.

"ನಂಗೆ ಅಷ್ಟೆಲ್ಲ ತಿಳಿಯಾಕಿಲ್ಲ ರೀ. ಬೆಚ್ಚಗಾದ್ರೆ ಹುಳ ಕೆಲ್ಸ ಶುರು ಮಾಡ್ತೈತೆ, ತಂಪಿದ್ರೆ ಸುಮ್ನಿರ್ತೈತೆ" ಎನ್ನುತ್ತಾರೆ ಹನುಮಂತಮ್ಮ. ಈ ಕೆಲಸಕ್ಕೆ ಅಷ್ಟು ತಿಳಿದರೆ ಧಾರಾಳ.

ತವರು ಜಗಳೂರು. ಇಲ್ಲಿಗೆ ಬಂದ ಮೇಲೆ ಮೀನು ಮಾರಿದ್ದಾರೆ, ಕೂಲಿಗೆ ಹೋಗಿದ್ದಾರೆ. ಗಂಡ ಸೊಂಟ ನೋವಿನಿಂದ ಮಲಗಿದ ಮೇಲೆ ಮನೆ ನಡೆಯುವುದು ಈ ಡಬ್ಬಿಯಿಂದಲೇ.

ಹೋದ ಬೇಸಿಗೆಯಲ್ಲಿ ಅದೇ ಡಬ್ಬಿ ಎಡವಟ್ಟು ಮಾಡಿತು. ಬಸ್ಸು ಕಿಕ್ಕಿರಿದಿತ್ತು. ಡ್ರೈವರ್ ವಿರೂಪಾಕ್ಷಪ್ಪ ತಮ್ಮ ಪಕ್ಕದ ಇಂಜಿನ್ ಬಾನೆಟ್ ಮೇಲೆ, ಹಾಲಿನ ಕ್ಯಾನು, ಹೂವಿನ ಬುಟ್ಟಿಗಳ ನಡುವೆ ಡಬ್ಬಿಗೂ ಜಾಗ ಮಾಡಿಕೊಟ್ಟರು. ನಮ್ಮ ಬಸ್ಸುಗಳಲ್ಲಿ ಅದು ಮರ್ಯಾದೆಯ ಜಾಗ. ಕೆಳಗೆ ಇಂಜಿನ್ ಕುದಿಯುತ್ತಿರುತ್ತದೆ ಎಂಬುದು ಯಾರಿಗೆ ನೆನಪಿರುತ್ತದೆ? ಇಳಿಯುವಾಗ ಐಸು ಕರಗಿ ನೀರು ಬೆಚ್ಚಗಾಗಿತ್ತು. ಹನುಮಂತಮ್ಮ ಹೆದರಿ, ಅಂಗಡಿಯೊಂದರಲ್ಲಿ ಹೊಸ ಐಸು ತುಂಬಿಸಿ, ಏನೂ ಹೇಳದೆ ಡಬ್ಬಿ ಒಪ್ಪಿಸಿ ಬಂದರು.

ಮುಂದಿನ ಸಲ ಹೋದಾಗ ಶಾಂತಲಾ ಸಪ್ಪಗೆ ಕೂತಿದ್ದರು. ಹೋದ ಸಲ ತಂಪಾಗಿಯೇ ಬಂದ ನೀರಿನಲ್ಲೂ ಆ ಮಡಿಕೆ ಬಿಚ್ಚಿಕೊಂಡಂತೆ ಕಾಣುತ್ತಿತ್ತು. ಇಷ್ಟು ದಿನ ನಂಬಿದ್ದೇ ತಪ್ಪಿರಬೇಕು ಎಂದುಕೊಂಡಿದ್ದರು.

"ಆ ಮುಖ ನೋಡಾಕಾಗ್ಲಿಲ್ಲ. ಕೆಲ್ಸ ಹೋದ್ರೆ ಹೋಗ್ಲಿ ಅಂತ ಬಾನೆಟ್ ವಿಷ್ಯ ಹೇಳ್ಬಿಟ್ಟೆ."

ಶಾಂತಲಾ ಬೈಯಲಿಲ್ಲ. ಆ ಫಲಿತಾಂಶವನ್ನು ತೆಗೆದುಹಾಕಿ ಕೇಳಿದ್ದು ಇಷ್ಟೇ: "ಅಕ್ಕಾ, ನಾಳೆ ಮತ್ತೆ ನೀರು ತರ್ತೀರಾ?" ಮಾರನೆಯ ದಿನದ ನೀರಿನಲ್ಲಿ ಮಡಿಕೆ ಮಡಿಕೆಯಾಗಿಯೇ ಇತ್ತು.

ಇವತ್ತೂ ಬಸ್ಸು ಬರುತ್ತದೆ. ವಿರೂಪಾಕ್ಷಪ್ಪನವರ ಉಪಚಾರಕ್ಕೇನೂ ಕಡಿಮೆಯಿಲ್ಲ: "ಬರ್ರಿ ಹನುಮಂತಮ್ಮ, ಮುಂದೆ ಕೂತ್ಕಳ್ರಿ. ಡಬ್ಬಿ ಇಲ್ಲಿ ಕೊಡ್ರಿ."

"ಬ್ಯಾಡಣ್ಣ" ಎಂದು ಅವರು ಕಟ್ಟಕಡೆಯ ಸೀಟಿಗೆ ಹೋಗುತ್ತಾರೆ. ಪ್ರತಿ ಗುಂಡಿಗೂ ಅಲ್ಲಿ ಕೂತವರು ಎಗರಿ ಬೀಳುತ್ತಾರೆ. ಡಬ್ಬಿಯನ್ನು ಕಿಟಕಿ ಗಾಳಿಗೆ ಒಡ್ಡಿ ತೊಡೆಯ ಮೇಲೆ ಇಟ್ಟುಕೊಂಡವರನ್ನು, ನಿಮಗೇನು ಆಸೆ ಎಂದು ಪಕ್ಕದಲ್ಲಿ ಕೂತ ನಾನು ಕೇಳುತ್ತೇನೆ.

"ಇನ್ನೇನ್ ಆಸೆ ರೀ? ಮೇಡಂ ಇದ್ರೊಳಗೆ ಕೈ ಹಾಕಿದ್ರೆ ತಣ್ಣಗೆ ಜುಮ್ ಅನ್ಬೇಕು. ಅಷ್ಟೇ."