ಉಲ್ಟಾ ಸುತ್ತಿದ ಟೇಪು

ಬ್ರೇಕ್ ಪೈಪಿನ ನಟ್ಟಿಗೆ ಏನೂ ಹಚ್ಚಬಾರದು. ಟೇಪೂ ಬೇಡ, ಶೆಲಾಕ್ ಅಂಟೂ ಬೇಡ. ಯಶವಂತಪುರದ ನಮ್ಮ ಗ್ಯಾರೇಜಿನಲ್ಲಿ ಇದನ್ನ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು. ಜಾಕಿಗೋ ಹೈಡ್ರಾಲಿಕ್ ಲಿಫ್ಟಿಗೋ ಆದ್ರೆ ಥ್ರೆಡ್ಡಿಗೆ ಪೇಸ್ಟ್ ಹಚ್ಚಿ, ಯಾರು ಬೇಡ ಅಂತಾರೆ? ಬ್ರೇಕಿನಲ್ಲಿ ಎಣ್ಣೆ ತಡೆಯೋದು ಥ್ರೆಡ್ ಅಲ್ಲ, ಪೈಪಿನ ಅರಳಿಸಿದ ಬಾಯಿ. ಅದು ಸರಿಯಾಗಿ ಕೂರದಿದ್ರೆ ಕತ್ತರಿಸಿ ಹೊಸದಾಗಿ ಅರಳಿಸಬೇಕು. ಶೆಲಾಕನ್ನ ಬ್ರೇಕ್ ಎಣ್ಣೆ ಕರಗಿಸಿಬಿಡುತ್ತೆ. ಟೇಪಿನ ಚೂರು ಒಳಗೆ ಹೋಗಿ ದಾರಿ ಕಟ್ಟುತ್ತೆ.

ಗ್ಯಾರೇಜು ನನ್ನದೂ ಅಕ್ಕನ ಗಂಡನದೂ. ಭಾವ ಎಡಚರು. ಎಂಜಿನ್ ಕೆಲಸದಲ್ಲಿ ಎತ್ತಿದ ಕೈ, ತಾಳ್ಮೆ ಮಾತ್ರ ಸೊನ್ನೆ. "ನಿಂದೊಳ್ಳೆ ಮಡಿ ಆಯ್ತಲ್ಲೋ, ನಾಲ್ಕು ಸುತ್ತು ಟೇಪ್ ಹಾಕಿ ಕಳಿಸೋದು ಬಿಟ್ಟು" ಅಂತ ನಗೋರು. ನಾನೂ ನಗ್ತಿದ್ದೆ. ತಮಾಷೆ ಅಂದ್ಕೊಂಡಿದ್ದೆ, ಪೆದ್ದ.

ಆರ್.ಟಿ. ನಗರದ ಒಬ್ಬ ಸಾಹೇಬರು ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗೋ ವ್ಯಾನ್ ಓಡಿಸ್ತಿದ್ರು. ಬ್ರೇಕ್ ಕೆಲಸಕ್ಕೆ ನನ್ನ ಬಿಟ್ಟು ಬೇರೆ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ನನಗೆ ಅದೇ ದೊಡ್ಡ ಬಿರುದು. ಎಂಬತ್ತರ ದಶಕದ ಶುರುವಿನಲ್ಲಿ ಒಂದು ಸಲ ಮುಂದಿನ ಚಕ್ರದ ಹತ್ರ ಎಣ್ಣೆ ಜಿನುಗ್ತಿದೆ ಅಂತ ವ್ಯಾನ್ ಬಿಟ್ಟು ಹೋದ್ರು. ಅವತ್ತೇ ನನಗೆ ಜ್ವರ. ನಾನು ಇದ್ದದ್ದು ಅಕ್ಕನ ಮನೆಯಲ್ಲೇ. ಎರಡು ದಿನ ಏಳೋಕಾಗಲಿಲ್ಲ. ಅವಳೇ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದಳು.

ಮೂರನೇ ದಿನ ಗ್ಯಾರೇಜಿಗೆ ಹೋದ್ರೆ ವ್ಯಾನು ಮೂತಿ ಜಜ್ಜಿಸಿಕೊಂಡು ನಿಂತಿದೆ. ಹೆಬ್ಬಾಳ ಕೆರೆ ಏರಿ ಹತ್ರ ಬ್ರೇಕ್ ಹಾಕಿದಾಗ ಒಂದು ಚಕ್ರ ಹಿಡೀಲೇ ಇಲ್ಲವಂತೆ, ಪಕ್ಕಕ್ಕೆ ಎಳ್ಕೊಂಡು ಹೋಗಿ ಗೋಡೆಗೆ ಗುದ್ದಿದೆ. ಸಾಹೇಬರ ಕೈ ಮುರಿದಿತ್ತು. ಅರ್ಧ ಗಂಟೆ ಕಳೆದಿದ್ರೆ ಒಳಗೆ ಮಕ್ಕಳು ಇರ್ತಿದ್ರು.

ಕೆಳಗೆ ತೂರಿ ಮುಂದಿನ ಚಕ್ರದ ಬ್ರೇಕ್ ಪೈಪಿನ ನಟ್ಟು ಬಿಚ್ಚಿದೆ. ನಲ್ಲಿಗೆ ಸುತ್ತೋ ಬಿಳಿ ಟೇಪು. ಅದೂ ಉಲ್ಟಾ ಸುತ್ತಿದ್ದು. ನಟ್ಟು ಬಿಗಿಯೋ ದಿಕ್ಕಿಗೆ ಸುತ್ತಿದ್ರೆ ಟೇಪು ಕೂರುತ್ತೆ, ಎಡಗೈಲಿ ಉಲ್ಟಾ ಸುತ್ತಿದ್ರೆ ಬಿಗಿಯುವಾಗಲೇ ಬಿಚ್ಚಿಕೊಳ್ಳುತ್ತೆ. ಹರಿದ ಚೂರು ರಬ್ಬರ್ ಹೋಸಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ಇನ್ಯಾರ ಕೈ ಅಂತ ಕೇಳಬೇಕಾ?

ಅಷ್ಟರಲ್ಲಿ ಸಾಹೇಬರು ಕೈಗೆ ಪಟ್ಟಿ ಕಟ್ಟಿಕೊಂಡು ಬಂದ್ರು. ನಾನು ಬಾಯಿ ತೆರೆಯೋ ಮುಂಚೆ ಭಾವ ಅಂದ್ರು, "ನಮ್ಮ ಬಾಮೈದ ಜ್ವರದಲ್ಲೇ ಎದ್ದು ಬಂದು ಮಾಡಿದ ಸಾಹೇಬ್ರೇ. ನೀವು ಅವನೇ ಮಾಡ್ಬೇಕು ಅಂದಿದ್ರಲ್ಲ. ಎಲ್ಲೋ ಎಚ್ಚರ ತಪ್ಪಿದೆ."

ನನ್ನ ಮೈ ಉರಿದುಹೋಯ್ತು. "ನಾನು ಹಾಸಿಗೆ ಬಿಟ್ಟು ಎದ್ದೇ ಇಲ್ಲ" ಅಂದೆ. ಸಾಹೇಬರು ನನ್ನನ್ನೂ ನೋಡಿದ್ರು, ಭಾವನನ್ನೂ ನೋಡಿದ್ರು. ಮಧ್ಯಾಹ್ನದ ಕ್ಯಾರಿಯರ್ ಹಿಡ್ಕೊಂಡು ಅಕ್ಕ ಆಗತಾನೆ ಬಂದು ಬಾಗಿಲಲ್ಲಿ ನಿಂತಿದ್ಲು. ಅವರು ಅವಳ ಕಡೆ ತಿರುಗಿದ್ರು.

"ನೀವು ಹೇಳಮ್ಮಾ. ಮೊನ್ನೆ ಇವರು ಕೆಲಸಕ್ಕೆ ಬಂದಿದ್ರಾ?"

ಸದ್ಯ, ಅಕ್ಕನ್ನ ಕೇಳಿದ್ರಲ್ಲ ಅಂತ ನನಗೆ ಉಸಿರು ಬಂತು. ಅವಳು ಭಾವನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

"ಹೂಂ, ಬಂದಿದ್ದ."

"ನಿಮ್ಮ ಕೈ ನಂಬಿದ್ದೆ ಕಣ್ರೀ" ಅಂದ್ರು ಸಾಹೇಬರು. ಜೋರು ಮಾಡಲೇ ಇಲ್ಲ. ಬೈದಿದ್ರೂ ತಡ್ಕೋತಿದ್ದೆ. ಮತ್ತೆ ಅವರು ನಮ್ಮ ಗ್ಯಾರೇಜಿಗೆ ಬರಲಿಲ್ಲ.

ಆ ತಿಂಗಳೇ ನಾನು ದಾಸರಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಹೈಡ್ರಾಲಿಕ್ ಪ್ರೆಸ್ಸಿನ ಕೆಲಸಕ್ಕೆ ಸೇರಿದೆ. ಭಾವನ ಮೇಲಿನ ಸಿಟ್ಟು ಎಂದೋ ಇಳೀತು. ಅವರ ಬುದ್ಧಿ ಗೊತ್ತಿದ್ದದ್ದೇ. ಆದರೆ ಅವತ್ತು ಸಾಹೇಬರು ಹೋದಮೇಲೆ ಅಕ್ಕ ಕ್ಯಾರಿಯರ್ ಬಿಚ್ಚಿದ್ದು ಮಾತ್ರ ಇನ್ನೂ ಮರೆತಿಲ್ಲ. ಭಾವನಿಗೆ ಮುದ್ದೆ, ಹುಳಿ. ನನಗೆ ಬೇರೆ ಡಬ್ಬಿಯಲ್ಲಿ ಮೆತ್ತಗಿನ ಅನ್ನ, ಮೆಣಸಿನ ಸಾರು. ಎರಡು ದಿನ ಮಲಗಿ ಎದ್ದವನ ಬಾಯಿಗೆ ರುಚಿಯಾಗಲಿ ಅಂತ ಮಾಡಿ ತಂದಿದ್ದಳು.