ಅಧ್ಯಕ್ಷರ ಕಫೀಲ್ ಯಾರು?

ಅರಬ್ ನಾಡಿನ ರಾಯ್ ಎಂಬಲ್ಲಿರುವ ನಮ್ಮ ವರ್ಕ್‌ಶಾಪಿಗೆ ಕಾರಿನ ಎಸಿ ರಿಪೇರಿಗೆ ಬಂದ ಅಮೆರಿಕದ ಮೇಷ್ಟ್ರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಕೌಂಟರಿನಲ್ಲಿದ್ದ ನನಗೂ ಉಪ್ಪಿನಂಗಡಿಯ ಮೆಕ್ಯಾನಿಕ್ ಹಮೀದ್ ಭಾಯಿಗೂ ತಮ್ಮ ಸರ್ಕಾರದ ಪಾಠ ಶುರುಮಾಡಿದರು. ಕಾನೂನು ಮಾಡುವುದು ಕಾಂಗ್ರೆಸ್, ಬೇಡವೆಂದರೆ ಅಧ್ಯಕ್ಷರ ವೀಟೋ, ಇಬ್ಬರೂ ತಪ್ಪಿದರೆ ಸುಪ್ರೀಂ ಕೋರ್ಟು.

"ಹಾಗಾದ್ರೆ ಅಧ್ಯಕ್ಷರ ಕಫೀಲ್ ಯಾರು?" ಹಮೀದ್ ಭಾಯಿ ಕೇಳಿದರು. ಇಲ್ಲಿರಲು ಬೇಕಾದ ಇಕಾಮಾ ಪರವಾನಗಿ, ಕೆಲಸ ಎಲ್ಲ ನಮ್ಮನ್ನು ಕರೆಸಿಕೊಂಡ ಧಣಿ ಕಫೀಲನ ಕೈಯಲ್ಲಲ್ಲವೇ!

"ಜನರೇ," ಅಂದರು ಮೇಷ್ಟ್ರು.

"ಅಯ್ಯೋ ಪಾಪ! ಒಬ್ಬ ಕಫೀಲನ ಹತ್ರ ರಜೆ ಕೇಳಿಯೇ ನಮಗೆ ಸಾಕಾಗ್ತದೆ. ಅಷ್ಟು ಜನರನ್ನು ಅವರು ಹೇಗೆ ಸುಧಾರಿಸುವುದು?"

ಮೇಷ್ಟ್ರು ನಗುತ್ತಾ ಗಡಿಯಾರ ನೋಡಿದರು. ನಗು ನಿಂತಿತು. "ನಾಳೆ ನಿಮಗೆ ರಜೆ. ಈ ಸೆಕೆಯಲ್ಲಿ ಎಸಿ ಇಲ್ಲದೆ ಸಾಯ್ತೇನೆ. ಕಾರು ಇವತ್ತೇ ಬೇಕು."

ಕಲಿತ ಪಾಠ ಒಪ್ಪಿಸುವ ಅವಕಾಶ ನಾನು ಬಿಡಲಿಲ್ಲ.

"ಸಾರ್, ನಾನು ಕಾಂಗ್ರೆಸ್, ಪಾಸು ಮಾಡಿದೆ. ನಮ್ಮ ಮ್ಯಾನೇಜರು ಅಧ್ಯಕ್ಷರು, ಓವರ್‌ಟೈಮ್ ಅಂದ್ರೆ ವೀಟೋ ಹಾಕ್ತಾರೆ. ಅವರು ಒಪ್ಪಿದರೂ ಹಮೀದ್ ಭಾಯಿ ಸುಪ್ರೀಂ ಕೋರ್ಟು. ಅವರು ಖಲಾಸ್ ಅಂದ್ರೆ ಮುಗೀತು, ಅಪೀಲಿಲ್ಲ."

ಹಮೀದ್ ಭಾಯಿ ಗಂಭೀರವಾಗಿ ಸ್ಪ್ಯಾನರ್ ಕೆಳಗಿಟ್ಟರು. ಮೇಷ್ಟ್ರು ಎದ್ದು ಹೊರಗೆ ಹೋದರು. ಗಿರಾಕಿ ಕೈತಪ್ಪಿದರೆ ಮ್ಯಾನೇಜರು ನನ್ನನ್ನು ಬಿಡುವುದಿಲ್ಲವಲ್ಲ ಎಂದು ಹೆದರಿದೆ.

ಸ್ವಲ್ಪ ಹೊತ್ತಿನಲ್ಲಿ ಅವರು ಬಿಸಿಬಿಸಿ ಶವರ್ಮಾದ ದೊಡ್ಡ ಪೊಟ್ಟಣ ಹಿಡಿದು ಬಂದು, ಮೊದಲನೆಯದನ್ನು ಸುಪ್ರೀಂ ಕೋರ್ಟಿಗೇ ಕೊಟ್ಟರು. ಎರಡನೆಯದು ಅಧ್ಯಕ್ಷರ ಮೇಜಿಗೆ ಹೋಯಿತು.

ಕಾರು ಸಂಜೆಯೇ ರೆಡಿ. ಲಾಬಿ ಮಾಡುವ ಪಾಠವನ್ನು ಮಾತ್ರ ಮೇಷ್ಟ್ರು ಬಾಯಲ್ಲಿ ಹೇಳಲಿಲ್ಲ.